ನೇರಳೆಯಾಗಿದ್ದ ಪದಗಳು

ಇದು ೨೦೦೧ರಲ್ಲಿ ಭದ್ರಾವತಿಯ ಜನ್ನಾಪುರದಲ್ಲಿ ನನಗೇ ಆದದ್ದು. ಅಲ್ಲಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ಒಳಗೆ ಧೂಳು ಬರಬಾರದೆಂದು ಎಲ್ಲರೂ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಡಬೇಕಿತ್ತು.

ಹೊಸ ಕಂಪ್ಯೂಟರಿಗೆ ಸಾಫ್ಟ್‌ವೇರ್ ಹಾಕಿದವಳು ನಾನೇ. ಮೂರು ದಿನವಾದರೂ ಪ್ರಿಂಟರ್ ಮಿಸುಕಲಿಲ್ಲ. ಸೋಮವಾರವೇ ಪರೀಕ್ಷೆ, ಪ್ರಶ್ನೆಪತ್ರಿಕೆ ಅಚ್ಚಾಗಬೇಕಿತ್ತು. ಭಾನುವಾರ ಮಧ್ಯಾಹ್ನ ಒಬ್ಬಳೇ ಬಂದು, ಪರದೆಯ ಮೇಲೆ ಪ್ರಿಂಟರಿನ ಕೈಪಿಡಿ ತೆರೆದೆ. ಅದರಲ್ಲಿ ಗೆರೆ ಎಳೆದ ನೀಲಿ ಪದವನ್ನು ಒತ್ತಿದರೆ ಬೇರೆ ಪುಟ ಬರುತ್ತದೆ. ಒಮ್ಮೆ ಒತ್ತಿದ ಪದ ನೇರಳೆಯಾಗುತ್ತದೆ.

ಆ ಕೈಪಿಡಿಯನ್ನು ಅದುವರೆಗೆ ಯಾರೂ ತೆರೆದಿರಲಿಲ್ಲ. ಆದರೂ ಮೊದಲ ಪುಟದಲ್ಲೇ ಒಂದು ಪದ ನೇರಳೆಯಾಗಿತ್ತು. ಒತ್ತಿದೆ. ಮುಂದಿನ ಪುಟದಲ್ಲೂ ಒಂದೇ ಒಂದು. ಹಾಗೇ ನೇರಳೆ ಪದಗಳನ್ನೇ ಒತ್ತುತ್ತಾ ಹೋದೆ. ಏಸಿಯ ಚಳಿಗೆ ಬೆರಳು ಮರಗಟ್ಟುತ್ತಿದ್ದರೂ ಮೌಸ್ ಮಾತ್ರ ಯಾರೋ ಈಗಷ್ಟೇ ಕೈ ತೆಗೆದಂತೆ ಬೆಚ್ಚಗಿತ್ತು. ಹನ್ನೊಂದನೆಯ ಪುಟದಲ್ಲಿ ನನ್ನ ಪ್ರಿಂಟರಿನ ತೊಂದರೆಗೇ ಉತ್ತರವಿತ್ತು. ಅದರಂತೆ ಮಾಡಿದೆ. ಪ್ರಿಂಟರ್ ಕಿರುಗುಟ್ಟಿ ಕಾಗದ ಎಳೆದುಕೊಂಡಿತು. ನನಗರಿವಿಲ್ಲದೆ ಕೈಮುಗಿದೆ.

ಗುಡಿಸಲು ಬಂದ ಮಾಸ್ತಮ್ಮ ಬಾಗಿಲಲ್ಲೇ ನಿಂತಳು. "ಒಳಗೆ ಇನ್ಯಾರಿದಾರೆ ಮೇಡಂ?"

"ನಾನೊಬ್ಳೇ ಮಾಸ್ತಮ್ಮ."

"ಮತ್ತೆ ಈ ಗಂಡಸ್ರ ಚಪ್ಪಲಿ ಯಾರ್ದು?"

ನನ್ನ ಚಪ್ಪಲಿಯ ಪಕ್ಕದಲ್ಲಿ, ಹೆಬ್ಬೆರಳ ಗುರುತು ಬಿದ್ದ ಹಳೆಯ ಚರ್ಮದ ಜೊತೆಯೊಂದು ಓರಣವಾಗಿ ಕುಳಿತಿತ್ತು.

ಹನ್ನೊಂದನೆಯ ಪುಟದ ತಳದಲ್ಲಿ ಒಂದು ನೀಲಿ ಪದ ಉಳಿದಿತ್ತು. ಅದನ್ನು ಒತ್ತದೆ, ಕಂಪ್ಯೂಟರಿನ ಪ್ಲಗ್ ಕಿತ್ತು, ಬೀಗ ಹಾಕಿ, ಇದ್ದ ಒಂದೇ ಕೀಯನ್ನು ಮನೆಗೆ ಒಯ್ದೆ. ಬೆಳಗ್ಗೆ ಬಂದಾಗ ಆ ಚಪ್ಪಲಿ ಅಲ್ಲೇ ಇತ್ತು. ಒಳಗೆ ಹೋಗಿ ಪುಟ ತೆರೆದೆ. ಆ ಪದ ನೇರಳೆಯಾಗಿತ್ತು.