ದ್ರೋಹಿಯ ಮುದ್ರೆ

ಮಳೆ ಹೊಳವಾಗಿ ಶುಕ್ತಿಪುರಕ್ಕೆ ಜೀವ ಬಂದಿತ್ತು. ಅಂಗಡಿಬೀದಿಗಳಲ್ಲಿ ಮೆಣಸು ಬಿಸಿಲಿಗೆ ಹರಡಿತ್ತು, ಅರಮನೆಯ ಮೇಲೆ ಧ್ವಜಗಳು ಏರಿದ್ದವು, ಸಮುದ್ರಪೂಜೆಯ ತೆಂಗಿನಕಾಯಿಗಳಿಗೆ ಹೊನ್ನಿನ ರೇಕು ಅಂಟಿಸುವ ಕಾರ್ಯ ಸಾಗಿತ್ತು. ಆದರೂ ಜನ ಮಾತನಾಡುತ್ತಿದ್ದುದು ಪಿಸುದನಿಯಲ್ಲಿ. ಬಡಗಣ ತೀರದ ಮೂರು ರಾಜ್ಯಗಳನ್ನು ಕಡಲ್ಗಳ್ಳರು ಎರಡೇ ವರ್ಷಗಳಲ್ಲಿ ನುಂಗಿ ನೀರು ಕುಡಿದಿದ್ದರು; ಮೂರು ಕಡೆಯೂ ಅವರಿಗೆ ದಾರಿ ತೋರಿದವನು ಒಳಗಿನವನೇ.

ಇದನ್ನು ಬಲ್ಲ ಮಹಾಮಾತ್ಯ ಕೇತಮಯ್ಯನು ಈಗೀಗ ಮಡದಿ ಬಡಿಸಿದ ಅನ್ನವನ್ನೂ ಎರಡು ಬಾರಿ ನೋಡಿ ಉಣ್ಣುತ್ತಿದ್ದ.

ನದಿ ಕಡಲನ್ನು ಸೇರುವ ಅಳಿವೆಯಲ್ಲಿ ಪ್ರತಿ ಮಳೆಗಾಲವೂ ಮರಳು ಜಾಗ ಬದಲಿಸುತ್ತಿತ್ತು. ಮಳೆ ನಿಂತೊಡನೆ ಅಳಿವೆಗಾರ ದುಗ್ಗಯ್ಯನು ಆಳ ಅಳೆದು, ಹಡಗುಗಳು ಬರಬೇಕಾದ ದಾರಿಗೆ ಗೂಟ ನೆಡುವನು. ಅರಸನು ಪೂಜೆ ಸಲ್ಲಿಸುವ ತನಕ ಬೇರೆ ಯಾರೂ ಅತ್ತ ಸುಳಿಯಬಾರದೆಂಬುದು ಅಲ್ಲಿನ ಕಟ್ಟಳೆ. ಪೂಜೆಗೆ ಎರಡು ದಿನವಿರುವಾಗ, ದುಗ್ಗಯ್ಯನು ತಾನೇ ನೆಟ್ಟ ಗೂಟಗಳನ್ನು ಕೀಳುತ್ತಿರುವುದನ್ನು ಗೂಢಚಾರನೊಬ್ಬ ದೂರದ ಗುಡ್ಡದಿಂದ ಕಂಡು ಓಡಿಬಂದ.

"ಏಕೆ ಕಿತ್ತೆ?" ಎಂದು ಕೇತಮಯ್ಯನು ತುಂಬಿದ ಸಭೆಯಲ್ಲಿ ಕೇಳಿದ.

"ಈ ಸಭೆಯಲ್ಲಿ ಹೇಳಲಾರೆ, ಒಡೆಯಾ."

ಅಷ್ಟು ಸಾಕಾಯಿತು. ಕೇತಮಯ್ಯನು ದುಗ್ಗಯ್ಯನ ಹಣೆಯ ಮೇಲೆ ಅಲ್ಲೇ ಕಾದ ಕಬ್ಬಿಣದಿಂದ ದ್ರೋಹಿಯ ಮುದ್ರೆ ಒತ್ತಿಸಿ, ಮರುದಿನ ಶೂಲಕ್ಕೇರಿಸಲು ಆಜ್ಞಾಪಿಸಿದ. ಅರಸನ ಭಾವಮೈದುನ, ದಂಡನಾಯಕ ಸಿಂಗರಸನು ಎದ್ದು ಕೈಮುಗಿದ.

"ಅಮಾತ್ಯರೇ, ತಡ ಬೇಡ. ಕಪ್ಪುಬಂಡೆಯ ತೆಂಕಣಕ್ಕಿದ್ದ ಏಳು ಗೂಟಗಳನ್ನು ಇಂದೇ ಮತ್ತೆ ನೆಡಿಸಿಬಿಡುವೆ."

ಕೇತಮಯ್ಯನು ತಲೆದೂಗಿದ. ಸಭೆ ಮುಗಿದು ಮೆಟ್ಟಿಲಿಳಿಯುವಾಗ ಅವನು ತಟ್ಟನೆ ನಿಂತ. ಗೂಟ ಕಿತ್ತ ಸುದ್ದಿ ಸಭೆಗೆ ತಿಳಿದಿತ್ತು; ಅವು ಏಳೆಂದೂ ಕಪ್ಪುಬಂಡೆಯ ತೆಂಕಣಕ್ಕಿದ್ದವೆಂದೂ ಗೂಢಚಾರನೇ ಅರಿಯ. ಪೂಜೆಯಾಗುವ ಮುನ್ನ ಅಳಿವೆಗೆ ಕಾಲಿಡಬಾರದ ಸಿಂಗರಸನು ಅವನ್ನು ಎಣಿಸಿದ್ದು ಯಾವಾಗ?

ಅವನು ನೇರ ಸೆರೆಮನೆಗೆ ನಡೆದ.

"ದಂಡನಾಯಕರ ಬಂಟರು ಗೂಟಗಳ ನಡುವೆ ಆಳ ಅಳೆಯುತ್ತಿದ್ದರು, ಒಡೆಯಾ. ಈ ದಾರಿ ಕಡಲ್ಗಳ್ಳರಿಗೆ ಸಿಕ್ಕಿತೆಂದು ಕಿತ್ತೆ," ಎಂದ ದುಗ್ಗಯ್ಯ.

"ನನ್ನಲ್ಲಿ ಬಂದು ಹೇಳಬಾರದಿತ್ತೇ?"

"ನಿಮ್ಮನ್ನೂ ನಂಬಲಿಲ್ಲ."

ಕೇತಮಯ್ಯನು ಸೆರೆಯ ಬಾಗಿಲು ತೆರೆಸಿದ. ಅವನು ಸಿಂಗರಸನನ್ನು, ಗೂಟ ನೆಡಿಸುವ ಮುನ್ನವೇ, ಬಂಧಿಸಿ ತರಿಸುವಷ್ಟರಲ್ಲಿ ಕಡಲಂಚಿನಲ್ಲಿ ಹಾಯಿಗಳು ಕಂಡವು. ಎಣಿಸಿದರೆ ಮೂವತ್ತಕ್ಕೂ ಮಿಕ್ಕು. ಕೋಟೆಯೊಳಗಿದ್ದ ಕಾಲಾಳುಗಳು ಇನ್ನೂರು.

"ಗೂಟ ಕಾಣದಿದ್ದರೆ ಹೊರಗೇ ನಿಂತು ದೋಣಿಗಳಲ್ಲಿ ದಡಕ್ಕೆ ಇಳಿಯುತ್ತಾರೆ. ಊರು ಉಳಿಯದು," ಎಂದ ದುಗ್ಗಯ್ಯ. "ದಾರಿ ತೋರಲು ನಾನೇ ಹೋಗುತ್ತೇನೆ. ಈಗ ಭರತದ ನೀರು ಇಳಿಯುವ ಹೊತ್ತು. ಬಡಗಣ ಮರಳದಿಬ್ಬಕ್ಕೆ ಹಡಗುಗಳನ್ನು ಏರಿಸಿದರೆ ಅಲ್ಲಾಡಲಾರರು, ನಿಮ್ಮ ಬಾಣಗಳಿಗೆ ಸಿಗುತ್ತಾರೆ."

"ನಿನ್ನನ್ನು ಅವರು ಏಕೆ ನಂಬುವರು?"

ದುಗ್ಗಯ್ಯನು ಬೊಬ್ಬೆಯೆದ್ದ ಹಣೆಯನ್ನು ಮುಟ್ಟಿ ತೋರಿಸಿದ. "ನೀವೇ ಬರೆದುಕೊಟ್ಟಿದ್ದೀರಲ್ಲ, ಒಡೆಯಾ."

ಹಾಗೆ ಹೇಳುವಾಗ ಅವನ ದನಿಯಲ್ಲಿ ಕೋಪವಿರಲಿಲ್ಲ. ಅಮಾತ್ಯನು ದೋಣಿ ತರಿಸಿದ.

ಒಂಟಿ ದೋಣಿ ಹೊರಟಿತು. ಕೋಟೆಯ ಮೇಲೆ ನಿಂತ ಕೇತಮಯ್ಯನ ಮನಸ್ಸಿನಲ್ಲಿ ಆಗಲೂ ಹಾಳು ಸಂಶಯ ಒಮ್ಮೆ ತಲೆಯೆತ್ತಿತು: ಇವನು ನಿಜಕ್ಕೂ ದಾರಿ ತೋರಿಬಿಟ್ಟರೆ? ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಎಲ್ಲಕ್ಕೂ ಮುಂದಿದ್ದ ನಾಯಕನ ಹಡಗಿನವರು ದುಗ್ಗಯ್ಯನನ್ನು ಮೇಲಕ್ಕೆಳೆದುಕೊಂಡು, ಅವನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, ಅವನು ತೋರಿದತ್ತ ಚುಕ್ಕಾಣಿ ಹೊರಳಿಸಿದರು.

ಹನ್ನೊಂದು ಹಡಗುಗಳು ಒಂದರ ಹಿಂದೊಂದು ದಿಬ್ಬಕ್ಕೇರಿ ವಾಲಿದವು. ಬೆಂಕಿಯ ಬಾಣ ಹಾರುವ ಮೊದಲೇ ದುಗ್ಗಯ್ಯನ ತಲೆ ನೀರಿಗೆ ಬಿತ್ತು. ತಮ್ಮ ನಾಯಕನ ಹಡಗೇ ಉರಿಯುವುದನ್ನು ಕಂಡು ಉಳಿದ ಹಾಯಿಗಳು ನಡುಗಡಲಿನತ್ತ ಹಿಂದಿರುಗಿದವು.

ಅರಸನು ವೀರಗಲ್ಲು ನಿಲ್ಲಿಸಲು ಅಪ್ಪಣೆ ಕೊಟ್ಟ. ಶಿಲ್ಪಿ ಬಂದು, ಹಣೆಯನ್ನು ಮುದ್ರೆಯಿಲ್ಲದೆ ಹಸನಾಗಿಯೇ ಕೆತ್ತುವೆನೆಂದ.

"ಬೇಡ," ಎಂದ ಕೇತಮಯ್ಯ. "ಮುದ್ರೆಯನ್ನೂ ಕೆತ್ತು. ಅದನ್ನು ಒತ್ತಿಸಿದವನ ಹೆಸರನ್ನು ಕೆಳಗೆ ಬರೆ."