ಕಾಲರ್ ಹಿಡಿದ ಕಂದಾಯ

ಲಿಫ್ಟಿನ ಬಾಗಿಲು ತೆರೆದಿತ್ತು.

ಒಳಗೆ ಲಿಫ್ಟ್ ಇರಲಿಲ್ಲ.

ಕೆಳಗೆ ಆರು ಮಹಡಿ ಆಳದ ಗುಂಡಿ. ನನ್ನ ಕಾಲಿನ ಹೆಬ್ಬೆರಳುಗಳಷ್ಟೇ ಅಂಚಿನ ಮೇಲಿದ್ದವು. ಮಿಕ್ಕ ದೇಹವೆಲ್ಲ ಬಿಲ್ಡರನ ಡ್ರೈವರ್‌ನ ಮುಷ್ಟಿಯಲ್ಲಿದ್ದ ಅಂಗಿಯ ಕಾಲರಿಗೆ ನೇತಾಡುತ್ತಿತ್ತು.

ಪರ್ರ್... ಒಂದು ಹೊಲಿಗೆ ಬಿಟ್ಟಿತು. ಇನ್ನೊಂದು ಹಿಡಿದುಕೊಂಡಿತು.

ಆ ಕಾಲರ್ ಹೊಲಿದವಳು ಮೂಲೆಮನೆಯ ಟೈಲರಕ್ಕ. "ನಿನ್ನ ಕಸುಬಿಗೆ ಒಂದು ಹೊಲಿಗೆ ಸಾಲಲ್ಲ ಕಣೋ, ಡಬಲ್ ಹಾಕಿದೀನಿ" ಅಂದಿದ್ದಳು.

ನನ್ನ ಕಸುಬು ಗೊತ್ತಲ್ಲ ಸ್ವಾಮಿ? ಆಗದ ಕೆಲಸ ಆಗಿಸುವುದು. ಈ ಸಲ ಒಪ್ಪಿಕೊಂಡಿದ್ದು ಅದೇ ಅಕ್ಕನನ್ನು ಮನೆ ಬಿಡಿಸುವ ಕೆಲಸ.

"ಏನೋ ಹೇಳಿದ್ದೆ ನಾನು ನಿಂಗೆ?" ಬಿಲ್ಡರ್ ಕುರ್ಚಿಯಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ. ಈ ಕಟ್ಟಡ ಅವನದೇ. ಇದರ ಮುಂದಿನ ದಾರಿಗೆ ಅಕ್ಕನ ಮನೆ ಅಡ್ಡ. ಎಷ್ಟು ಕೇಳಿದರೂ ಅವಳು ಮಾರಿರಲಿಲ್ಲ.

"ಊರಿನ ಮನೆಗಳ ಬೆಲೆ ಏರಿಸು ಅಂದ್ರಿ... ಏರಿಸಿದೆ ಅಣ್ಣಾ."

ನಿಜ. ಬೆಲೆ ಡಬಲ್ ಆದರೆ ಕಂದಾಯ ಡಬಲ್, ಅಕ್ಕ ಮಾರಲೇಬೇಕು ಎಂಬುದು ಅವನ ಪ್ಲಾನ್. ಒಬ್ಬಳದೇ ಏರಿದರೆ ಅನುಮಾನ ಬರುತ್ತದೆಂದು ಊರಿಡೀ ಏರಿಸಲು ಹೇಳಿದ್ದ. ಬೆಲೆ ಕಟ್ಟುವ ಪುರಸಭೆ ಆಫೀಸರಿಗೆ, ನಿಮ್ಮ ಮಗಳು ಶಾಲೆಯಿಂದ ಬರುವ ದಾರಿ ನನಗೆ ಗೊತ್ತು ಅಂದೆ. ಅಷ್ಟೇ ಸಾಕಾಯಿತು. ಏರಿಸಿದ, ವರ್ಗ ಮಾಡಿಸಿಕೊಂಡು ಓಡಿದ.

"ಅವಳ ಕಂದಾಯ ಇಳಿದಿದೆ. ನಂದು ಏರಿದೆ. ಅವಳ ಕಡೆಯಿಂದ ಎಷ್ಟು ತಿಂದೆ?"

"ಏನೂ ಇಲ್ಲ ಅಣ್ಣಾ."

"ಬಿಟ್ಬಿಡೋ ಅವನನ್ನ."

"ಲೆಕ್ಕ! ಲೆಕ್ಕ ಹೇಳ್ತೀನಿ!"

ಬಿಲ್ಡರ್ ಕೈ ಎತ್ತಿದ. ಡ್ರೈವರ್ ಬಿಡಲಿಲ್ಲ.

"ಹೋಟೆಲ್‌ಗೆ ಹೋಗ್ತೀವಿ ಅನ್ಕೊಳ್ಳಿ. ಬಿಲ್ ಮೊದಲೇ ಬರೆದಿಟ್ಟಿರ್ತಾರೆ. ಅದೇ ಪುರಸಭೆ ಬಜೆಟ್. ಆಮೇಲೆ ಹೊಟ್ಟೆ ಅಳೆದು ಆ ಬಿಲ್ ಹಂಚ್ತಾರೆ. ಹೊಟ್ಟೆ ಅಂದ್ರೆ ಮನೆ ಬೆಲೆ."

"ಹೂಂ."

"ಎಲ್ಲರ ಹೊಟ್ಟೇನೂ ಒಂದೇ ಸಮ ಊದಿದ್ರೆ ಯಾರ ಪಾಲೂ ಬದಲಾಗಲ್ಲ. ಅಕ್ಕನ ಹಳೇ ಮನೆ ಡಬಲ್ ಆಯ್ತು. ನಿಮ್ಮ ಹೊಸ ಬಿಲ್ಡಿಂಗ್ ನಾಲ್ಕು ಪಟ್ಟಾಯ್ತು. ಬಿಲ್ ಮಾತ್ರ ಅಷ್ಟೇ ಇದೆ... ಜಾಸ್ತಿ ಊದಿದ್ದು ನಿಮ್ಮ ಹೊಟ್ಟೆ."

ಡ್ರೈವರ್ ನಕ್ಕ. ಬಿಲ್ಡರ್ ತಿರುಗಿ ನೋಡಿದ. ಡ್ರೈವರ್ ನಗು ನುಂಗಿಕೊಂಡ.

ನೇಲ್ ಕಟ್ಟರ್ ಕ್ಲಿಕ್ ಅಂದಿತು. ಮತ್ತೊಮ್ಮೆ ಕ್ಲಿಕ್.

"ಹಾಗಾದ್ರೆ... ಬಿಲ್ಲನ್ನೇ ದೊಡ್ಡದು ಮಾಡಿಸಿದ್ರೆ?"

ನನಗೆ ಉತ್ತರ ಗೊತ್ತಿತ್ತು. ಗೊತ್ತಿಲ್ಲ ಅನ್ನಬಹುದಿತ್ತು.

ಕಾಲರಿನಲ್ಲಿ ಇನ್ನೊಂದು ದಾರ ಪಟ್ ಅಂದಿತು.

"ಎಲ್ಲರಿಗೂ ಬೀಳತ್ತೆ. ನಿಮಗೂ..."

"ನಾನು ತಡ್ಕೋತೀನಿ. ಅವಳು?"

"ತಡ್ಕೊಳ್ಳಲ್ಲ."

"ಒಳಗೆ ಎಳ್ಕೊಳೋ. ಕೆಲಸಕ್ಕೆ ಬರೋ ಮನುಷ್ಯ."

ಆಮೇಲೆ ಬಜೆಟ್ ಸಭೆ. ಒಬ್ಬ ಮೆಂಬರ್ ಮಾತಿಗೆ ಬಗ್ಗಿದ. ಇನ್ನೊಬ್ಬ ಬೆದರಿಕೆಗೆ. ಮೂರನೆಯವನು ಸ್ಕೂಟರ್ ಹತ್ತಿ ಓಡಿದ. ಮಾರ್ಕೆಟ್ ದಾಟಿದ, ಪೆಟ್ರೋಲ್ ಬಂಕ್ ದಾಟಿದ, ನಾವು ಹಿಂದೆಯೇ... ರೈಲ್ವೆ ಗೇಟ್ ಮುಚ್ಚಿತ್ತು, ಪಾಪ. ಮರುದಿನ ಮುರಿಯದೆ ಉಳಿದಿದ್ದ ಕೈ ಎತ್ತಿ ವೋಟು ಹಾಕಿದ.

ಬಜೆಟ್ ಉಬ್ಬಿತು. ಅಗಲ ರಸ್ತೆ, ನಡುವೆ ಕಾರಂಜಿ. ಕಾಂಟ್ರ್ಯಾಕ್ಟ್ ಬಿಲ್ಡರನ ಬಾಮೈದನಿಗೆ. ಬಿಲ್ಡರ್ ಕಟ್ಟಿದ ಕಂದಾಯ ಸುತ್ತಿ ಬಳಸಿ ಅವನ ಮನೆಗೇ ಬಂತು. ಅಕ್ಕ ಕಟ್ಟಬೇಕಾದದ್ದು ಎಲ್ಲಿಂದಲೂ ತಿರುಗಿ ಬರುವಂಥದ್ದಲ್ಲ.

ಅವಳು ಮನೆ ಮಾರಿದಳು. ಬೀಗದ ಕೈ ಇಸಿದುಕೊಳ್ಳಲು ನನ್ನನ್ನೇ ಕಳಿಸಿದರು. ಗೂಡ್ಸ್ ಆಟೋಗೆ ಸಾಮಾನು ಏರಿತ್ತು. ಹೊಲಿಗೆ ಮಿಷನ್ ಮಾತ್ರ ಇನ್ನೂ ಬಾಗಿಲಲ್ಲಿತ್ತು.

"ಮನೆ ಬೆಲೆ ಏರಿದೆ ಅಂದಾಗ ಖುಷಿಪಟ್ಟಿದ್ದೆ ಕಣೋ," ಅಂದಳು. "ಏರಿದ ಮೇಲೆ ಅದ್ರಲ್ಲಿ ನಾನೇ ಇರಕ್ಕಾಗಲ್ಲ ಅಂತ ಯಾರೂ ಹೇಳ್ಲಿಲ್ಲ."

ನಾನು ಕೈ ಚಾಚಿದೆ. ಅವಳು ಬೀಗದ ಕೈ ಕೊಟ್ಟಳು. ಕಣ್ಣು ನನ್ನ ಕುತ್ತಿಗೆಯ ಮೇಲೆ ನಿಂತಿತು.

"ಕಾಲರ್ ಕಿತ್ತಿದೆಯಲ್ಲೋ. ಬಿಚ್ಚು. ಇಲ್ಲಿ ಕೊನೇ ಸಲ ಮಿಷನ್ ಓಡಿಸ್ತೀನಿ."

"ಬೇಡಕ್ಕಾ."

"ಬಿಚ್ಚೋ ಅಂದ್ರೆ."

ಬನಿಯನ್ನಿನಲ್ಲಿ ಬೀದಿಯಲ್ಲಿ ನಿಂತೆ. ಸಾಯುವಷ್ಟು ನಾಚಿಕೆಯಾಯಿತು. ಬೀಗದ ಕೈ ಮಾತ್ರ ವಾಪಸ್ ಕೊಡಲಿಲ್ಲ.

ಅವಳು ದಾರವನ್ನು ಹಲ್ಲಿನಿಂದ ಕಡಿದು ಅಂಗಿ ಚಾಚಿದಳು. "ಈ ಸಲ ಮೂರು ಹೊಲಿಗೆ. ಇನ್ನು ಯಾರು ಹಿಡಿದ್ರೂ ಕಿತ್ತು ಬರಲ್ಲ."

ಆ ಅಂಗಿ ಮತ್ತೆ ತೊಡಲಿಲ್ಲ. ಈಗ ಬರೀ ಟಿ-ಶರ್ಟು... ಕಾಲರ್ ಹಿಡಿದು ಕೇಳುವವರು ಬಂದರೆ, ಕಾಲರೇ ಇರಬಾರದು ನೋಡಿ.