ಧ್ವನಿಗೆ ಮೊದಲ ದಾರಿ

ನಾನಿರುವುದು ಜಯನಗರದಲ್ಲಿ, ತಂಗಿ ಮೈತ್ರೇಯಿ ಇರುವುದು ವಸಂತಪುರದಲ್ಲಿ. ನಾಳೆ ಅವಳಿಗೆ ಹೃದಯದ ಆಪರೇಷನ್. ತಿಂಗಳಿನಿಂದ ಅವಳು ಹೊರಗೆ ಓಡಾಡುವಂತಿಲ್ಲವಾದ್ದರಿಂದ ನಮ್ಮ ಬೆಳಗಿನ ಹಾಡು ವಿಡಿಯೋ ಕಾಲ್‌ನಲ್ಲೇ ನಡೆಯುತ್ತಿತ್ತು. ಆದರೆ ಅವಳ ಧ್ವನಿ ಅರ್ಧ ಅಕ್ಷರದಷ್ಟು ತಡವಾಗಿ ಬಂದು ತಾಳ ತಪ್ಪುತ್ತಿತ್ತು.

ಸೋಮವಾರ ಇಂಟರ್ನೆಟ್ ರಿಪೇರಿಯ ಶಿವರಾಮ್ ಬಂದು ವೈಫೈ ಪೆಟ್ಟಿಗೆಯ ಸೆಟ್ಟಿಂಗ್ ಬದಲಾಯಿಸಿದರು. "ಮನೇಲಿ ಮಿಕ್ಕೋರು ಎಷ್ಟೇ ಸಿನಿಮಾ ನೋಡ್ಲಿ ಆಂಟಿ, ನಿಮ್ ಮಾತಿಗೇ ಮೊದ್ಲು ದಾರಿ ಬಿಡುತ್ತೆ. ಆಂಬ್ಯುಲೆನ್ಸಿಗೆ ಬಿಡ್ತಾರಲ್ಲ, ಹಾಗೆ," ಎಂದರು. ಕಾಫಿ ಕುಡಿದ ಲೋಟವನ್ನು ತಾವೇ ತೊಳೆದಿಟ್ಟು ಹೋದರು.

ನಿನ್ನೆ ತಾಳ ಸರಿಯಾಗಿ ಕೂಡಿತು. ಇವತ್ತು ಬೆಳಿಗ್ಗೆ ಅವಳ ತಾಳ ನನ್ನದಕ್ಕಿಂತ ತುಸು ಮುಂಚೆಯೇ ಕೇಳಿಸಿತು.

"ಓಡ್ಬೇಡ ಕಣೇ," ಎಂದೆ.

"ನಾನೆಲ್ಲಿ ಓಡ್ತಿದೀನಿ? ನಿನ್ ಹಿಂದೇನೇ ಬರ್ತಿದೀನಲ್ಲ!"

ಹಾಡು ಮುಗಿಯಿತು. "ಆಯ್ತು, ಉಪ್ಪಿಟ್ಟು ತಿಂದೆ," ಎಂದಳು. ತಿಂಡಿ ಆಯಿತೇ ಎಂದು ನಾನಿನ್ನೂ ಕೇಳಿರಲಿಲ್ಲ. ನನಗೆ ನಗು ಬಂತು.

ಆಗಲೇ, "ಅಳ್ಬೇಡ ಅಕ್ಕ, ನಂಗೇನೂ ನೋವಾಗ್ಲಿಲ್ಲ," ಎಂದು ಅವಳ ಧ್ವನಿ ಸ್ಪಷ್ಟವಾಗಿ ಕೇಳಿಸಿತು. ಪರದೆಯಲ್ಲಿ ಅವಳು ತುಟಿ ಮುಚ್ಚಿ, ನನ್ನ ನಗು ನೋಡಿ ತಾನೂ ನಗುತ್ತಿದ್ದಳು.

ಸಂಜೆ ಅವಳು ಆಸ್ಪತ್ರೆಗೆ ಸೇರುತ್ತಾಳೆ. ನಾನಿನ್ನೂ ಅತ್ತಿಲ್ಲ.